ಕೇಳಿ ಪಡೆಯುವುದನ್ನೂ ಕಲಿಸಬೇಕು

ಎಸ್ಸೆಸ್ಸೆಲ್ಸಿವರೆಗೆ ಅಂಗವಿಕಲ ಮಗುವಿನ ಪರವಾಗಿ ಎಲ್ಲವನ್ನೂ ಕೇಳುವವಳು ಸಾಮಾನ್ಯವಾಗಿ ಅಮ್ಮ. ಮುಂದಿನ ಬೆಂಚು, ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ, ಉತ್ತರ ಬರೆದುಕೊಡಲು ಸ್ಕ್ರೈಬ್ – ಯಾವುದೇ ಇರಲಿ, ಹೆಡ್ಮಾಸ್ತರರ ಕೋಣೆಗೆ ನಾಲ್ಕು ಸಲ ಅಲೆಯುವವಳು ಆಕೆಯೇ. ಪದವಿ ಕಾಲೇಜಿನ ಕತೆ ಬೇರೆ. ಅಲ್ಲಿ ಗಂಟೆಗೊಬ್ಬ ಅಧ್ಯಾಪಕರು. ಬೋರ್ಡು ಕಾಣುತ್ತಿಲ್ಲವೆಂದು ಹುಡುಗ ತಾನೇ ಬಾಯಿಬಿಟ್ಟು ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ.

ಹಕ್ಕುಗಳಿಗೇನೂ ಬರವಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಹೊರಗೆ ಕಾಣದ ಕಲಿಕಾ ನ್ಯೂನತೆಯೂ ಅದರಲ್ಲಿ ಸೇರಿದೆ. ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳು ಶೇ 40 ಅಥವಾ ಅದಕ್ಕೂ ಹೆಚ್ಚು ವೈಕಲ್ಯವುಳ್ಳವರಿಗೆ ಕನಿಷ್ಠ ಶೇ 5ರಷ್ಟು ಸೀಟು ಮೀಸಲಿಡಬೇಕು. ಸ್ಕ್ರೈಬ್ ನೆರವು ಪಡೆಯುವವರಿಗೆ ಪರೀಕ್ಷೆಯ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯವೆಂದು ಕೇಂದ್ರದ 2018ರ ಮಾರ್ಗಸೂಚಿ ಹೇಳಿತು. ಆದರೆ ಇವು ತಾವಾಗಿ ಮನೆಬಾಗಿಲಿಗೆ ಬರುವುದಿಲ್ಲ.

ಕೇಳಿದ್ದರಿಂದಲೇ ದಾರಿ ತೆರೆದದ್ದೂ ಉಂಟು. ಬರೆಯಲು ಕುಳಿತರೆ ಕೈ ಸೆಳೆಯುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರು 2018ರ ಸಿವಿಲ್ ಸರ್ವೀಸಸ್ ಪರೀಕ್ಷೆಗೆ ಸ್ಕ್ರೈಬ್ ಕೇಳಿದಾಗ ನಿರಾಕರಣೆ ಎದುರಾಯಿತು. ಅವರು ಸುಮ್ಮನಾಗಲಿಲ್ಲ. ಶೇ 40ರಷ್ಟು ವೈಕಲ್ಯವಿಲ್ಲ ಎಂಬ ಕಾರಣಕ್ಕೇ ಈ ಸೌಲಭ್ಯ ನಿರಾಕರಿಸುವಂತಿಲ್ಲವೆಂದು 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

ಎಲ್ಲರೂ ಕೋರ್ಟಿಗೆ ಹೋಗಬೇಕಿಲ್ಲ. ಒಂದು ಅರ್ಜಿ ಬರೆಯಲು ಬಂದರೂ ಅರ್ಧ ಕೆಲಸ ಆದಂತೆಯೇ. ಪಿಯುಸಿಯಲ್ಲೇ ಇದಕ್ಕೆ ಅಭ್ಯಾಸವಾಗಲಿ. ಅರ್ಜಿಯಲ್ಲಿ ಕಾಯಿಲೆಯ ಪುರಾಣ ಬೇಡ, ಗೋಗರೆಯುವುದಂತೂ ಬೇಡವೇ ಬೇಡ. ‘ಬೋರ್ಡಿನ ಅಕ್ಷರ ಕಾಣುವುದಿಲ್ಲ, ನೋಟ್ಸನ್ನು ಮೊದಲೇ ಕೊಡಿಸಿ’ ಎಂದು ಬರೆದು ವೈಕಲ್ಯದ ಪ್ರಮಾಣಪತ್ರದ ನಕಲು ಲಗತ್ತಿಸಿದರೆ ಸಾಕು. ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ, ಮಗಳೇ ಬರೆಯಲಿ. ಪ್ರಿನ್ಸಿಪಾಲರ ಕೋಣೆಗೂ ಅವಳೇ ಹೋಗಲಿ. ಅಪ್ಪ ಅಮ್ಮ ಹೊರಗಿನ ಬೆಂಚಿನಲ್ಲಿ ಕುಳಿತಿರಲಿ. ಇಷ್ಟು ವರ್ಷ ಮಗಳ ಬಾಯಾಗಿದ್ದವರಿಗೆ ಹೀಗೆ ಸುಮ್ಮನೆ ಕೂರುವುದೇ ಎಲ್ಲಕ್ಕಿಂತ ಕಷ್ಟ. ‘ಅಮ್ಮನನ್ನು ಕರೆಯಮ್ಮ’ ಎಂದು ಒಳಗಿನಿಂದ ಹೇಳಿದರೆ? ‘ನಾನೇ ಹೇಳುತ್ತೇನೆ ಸಾರ್’ ಎನ್ನಲು ಅವಳಿಗೆ ಮನೆಯಲ್ಲೇ ರೂಢಿಯಾಗಿರಬೇಕು.

ಸ್ಕ್ರೈಬ್ ಬೇಕೆಂದು ಹಾಲ್ ಟಿಕೆಟ್ ಬಂದ ದಿನ ಕೇಳಿದರೆ ಕಾಲ ಮಿಂಚಿರುತ್ತದೆ. ತರಗತಿ ಶುರುವಾದ ಮೊದಲ ವಾರದಲ್ಲೇ ಅರ್ಜಿ ಕೊಟ್ಟು, ಪ್ರತಿಯೊಂದರ ಮೇಲೆ ಕಚೇರಿಯ ಮೊಹರು, ತಾರೀಖು ಹಾಕಿಸಿಕೊಳ್ಳಬೇಕು. ಕಾಲೇಜು ಕಿವಿಗೊಡದಿದ್ದರೆ ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು ಕೊಡಬಹುದು. ಆಗ ಜೊತೆಗಿಡಲು ಬೇಕಾಗುವುದು ಆ ಮೊಹರಿನ ಪ್ರತಿಯೇ.