‘ನಮ್ಮವರೇ ಡಾಕ್ಟರು ಬೇಕು’ ಎಂಬ ಹಟ

ಅಮೆರಿಕದ ಕನ್ನಡಿಗರ ಮನೆಯಲ್ಲಿ ಯಾರದಾದರೂ ಮನಸ್ಸಿನ ಆರೋಗ್ಯ ಕೆಟ್ಟರೆ ಮೊದಲು ಕೇಳಿಬರುವ ಮಾತು ಇದು: ‘ಇಲ್ಲಿಯವರಿಗೆ ನಮ್ಮ ಕಷ್ಟ ಅರ್ಥ ಆಗಲ್ಲ. ಡಿಸೆಂಬರ್‌ನಲ್ಲಿ ಊರಿಗೆ ಹೋಗ್ತೀವಲ್ಲ, ಬೆಂಗಳೂರಲ್ಲೇ ತೋರಿಸಿದರಾಯಿತು.’ ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ, ನಿಜ. ಆದರೆ ಮಾರ್ಚ್‌ನಲ್ಲೇ ನಿದ್ದೆ ಬಿಟ್ಟವರು, ಊಟ ಸೇರದವರು, ಇದ್ದು ಏನು ಮಾಡಬೇಕು ಎನ್ನತೊಡಗಿದವರು ಡಿಸೆಂಬರ್‌ವರೆಗೆ ಹೇಗೆ ದಿನ ದೂಡಬೇಕು?

ಆ ಡಿಸೆಂಬರ್ ಬಂದಿತು ಎಂದೇ ಇಟ್ಟುಕೊಳ್ಳಿ. ಇರುವುದು ಮೂರು ವಾರದ ರಜೆ. ನೆಂಟರ ಮನೆ, ಧರ್ಮಸ್ಥಳದ ಹರಕೆ, ಸೈಟಿನ ಖಾತೆ ಕೆಲಸ ಮುಗಿಸಿ ಮನೋವೈದ್ಯರ ಮುಂದೆ ಕೂರುವ ಹೊತ್ತಿಗೆ ಉಳಿಯುವುದು ಒಂದೇ ವಾರ. ಖಿನ್ನತೆಯ ಮಾತ್ರೆ ಗುಣ ತೋರಿಸಲು ಸಾಮಾನ್ಯವಾಗಿ ಎರಡರಿಂದ ಆರು ವಾರ ಹಿಡಿಯುತ್ತದೆ. ಹೊಟ್ಟೆ ತೊಳಸುವುದು, ಚಡಪಡಿಕೆಯಂಥ ತೊಂದರೆಗಳು ಮಾತ್ರ ಮೊದಲ ವಾರವೇ ಶುರುವಾಗುತ್ತವೆ. ಡೋಸು ಏರಿಸಬೇಕೋ ಮಾತ್ರೆಯನ್ನೇ ಬದಲಿಸಬೇಕೋ ಎಂದು ನೋಡಬೇಕಾದ ದಿನಗಳಲ್ಲಿ ಡಾಕ್ಟರು ಜಯನಗರದಲ್ಲಿ, ರೋಗಿ ಡಲ್ಲಾಸ್‌ನಲ್ಲಿ.

‘ವಿಡಿಯೊ ಕಾಲ್ ಇದೆಯಲ್ಲ’ ಎನ್ನುತ್ತಾರೆ. 2020ರ ಮಾರ್ಚ್‌ನಲ್ಲಿ ಬಂದ ಭಾರತದ ಟೆಲಿಮೆಡಿಸಿನ್ ಮಾರ್ಗಸೂಚಿ ದೇಶದ ಹೊರಗಿನವರಿಗೆ ಕೊಡುವ ಸಲಹೆಗೆ ಅನ್ವಯಿಸುವುದೇ ಇಲ್ಲ. ಅಮೆರಿಕದಲ್ಲಿ, ರೋಗಿ ಯಾವ ರಾಜ್ಯದಲ್ಲಿ ಕೂತಿರುತ್ತಾರೋ ಆ ರಾಜ್ಯದ ಲೈಸೆನ್ಸ್ ಡಾಕ್ಟರಿಗೆ ಇರಬೇಕು ಎಂಬುದು ಸಾಮಾನ್ಯ ನಿಯಮ. ಬೆಂಗಳೂರಿನ ಚೀಟಿ ನೋಡಿ ಅಲ್ಲಿನ ಫಾರ್ಮಸಿಯವರು ಮಾತ್ರೆ ಕೊಡುವುದಿಲ್ಲ. ಆಗ ಶುರುವಾಗುವುದು ಚಟ್ನಿಪುಡಿ, ಹಪ್ಪಳದ ಜೊತೆ ಮಾತ್ರೆ ಕಟ್ಟಿ ಕೊರಿಯರ್ ಮಾಡುವ ಪದ್ಧತಿ. ಆಲ್ಪ್ರಜೋಲಾಮ್, ಕ್ಲೋನಾಜೆಪಾಮ್ ಎರಡೂ ನಿಯಂತ್ರಿತ ಔಷಧಗಳು. ಹೀಗೆ ತರಿಸಿಕೊಳ್ಳುವುದು ಕಾನೂನಿಗೆ ವಿರುದ್ಧ. ದುಬೈ, ಅಬುಧಾಬಿಗೆ ಇಂಥ ಮಾತ್ರೆ ಒಯ್ಯಬೇಕಾದರೆ ಮೊದಲೇ ಸರ್ಕಾರದ ಅನುಮತಿ ಪಡೆಯಬೇಕು. ಕಾನೂನಿನ ಮಾತು ಹಾಗಿರಲಿ. ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ರಕ್ತದಲ್ಲಿ ಸ್ವಲ್ಪ ಹೆಚ್ಚಾದರೂ ವಿಷವಾಗುತ್ತದೆ. ಅದರ ಮಟ್ಟವನ್ನೂ ಕಿಡ್ನಿ, ಥೈರಾಯ್ಡ್‌ಗಳನ್ನೂ ಆಗಾಗ ಪರೀಕ್ಷಿಸುತ್ತಿರಬೇಕು. ಪಾರ್ಸೆಲ್‌ನಲ್ಲಿ ಬಂದ ಲಿಥಿಯಂ ನುಂಗುವವರ ರಕ್ತಪರೀಕ್ಷೆಯನ್ನು ಯಾರು ಬರೆದುಕೊಡುತ್ತಾರೆ?

ಹೆರಿಗೆಯಾದ ಮನೆಯಲ್ಲಂತೂ ಈ ಕಾಯುವ ಬುದ್ಧಿ ಜೀವಕ್ಕೇ ಕುತ್ತು. ಬಾಣಂತನ ಮಾಡಲು ಹೋದ ಅಮ್ಮನಿಗೆ ಮಗಳು ಎಂದಿನಂತಿಲ್ಲ ಎಂದು ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ: ನಿದ್ದೆ ಇಲ್ಲ, ಮಾತಿಗೆ ಮಾತು ಕೂಡುವುದಿಲ್ಲ, ಮಗುವಿನ ಬಗ್ಗೆ ಏನೇನೋ ಅನುಮಾನ. ಬಾಣಂತಿ ಸನ್ನಿ ಎಂದು ಹಿರಿಯರು ಹೇಳುತ್ತಿದ್ದದ್ದು ಇದನ್ನೇ. ಸಾವಿರ ಹೆರಿಗೆಗೆ ಒಂದೋ ಎರಡೋ ಕಡೆ, ಬಹುಮಟ್ಟಿಗೆ ಮೊದಲ ಎರಡು ವಾರಗಳಲ್ಲೇ ಕಾಣಿಸಿಕೊಳ್ಳುತ್ತದೆ. ಇದಕ್ಕೆ ನಮ್ಮ ಡಾಕ್ಟರು, ಅವರ ಡಾಕ್ಟರು ಎಂಬ ಮಾತೇ ಇಲ್ಲ. ಅದೇ ರಾತ್ರಿ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಬೇಕು. ಚಿಕಿತ್ಸೆ ಸಿಕ್ಕಿದ ಬಹುಪಾಲು ತಾಯಂದಿರು ಚೇತರಿಸಿಕೊಳ್ಳುತ್ತಾರೆ.

ಇನ್ನು ‘ನಮ್ಮವರು’ ಎಂದರೆ ಯಾರು? ಅಮೆರಿಕದ ಮನೋವೈದ್ಯರಲ್ಲಿ ಭಾರತದಲ್ಲಿ ಓದಿ ಹೋದವರು ಬಹಳ ಮಂದಿ ಇದ್ದಾರೆ. ಹುಡುಕಿದರೆ ಸಿಕ್ಕಾರು, ಸಿಕ್ಕರೆ ಒಳ್ಳೆಯದೇ. ಆದರೆ ಲುಧಿಯಾನದಲ್ಲಿ ಬೆಳೆದ ಡಾಕ್ಟರಿಗೆ ಹಾವೇರಿಯ ಮನೆಯ ಒಳಗುಟ್ಟು ತಾನಾಗಿ ತಿಳಿಯುತ್ತದೆಯೇ? ಎಷ್ಟೋ ಜನ ಬಾಯಿ ಬಿಡದೆ ಇರುವುದು ನಮ್ಮವರ ಮುಂದೆಯೇ. ಗಂಡ ಕೈ ಮಾಡುತ್ತಾನೆ, ಕುಡಿತ ಬಿಡಲಾಗುತ್ತಿಲ್ಲ, ಮದುವೆಯೇ ಬೇಡವಾಗಿತ್ತು ಎಂಬ ಮಾತುಗಳನ್ನು, ಮುಂದಿನ ತಿಂಗಳು ಕನ್ನಡ ಕೂಟದ ಯುಗಾದಿ ಊಟದಲ್ಲಿ ಎದುರು ಕೂರಬಹುದಾದ ಡಾಕ್ಟರ ಹತ್ತಿರ ಹೇಳುವುದು ಸುಲಭವಲ್ಲ. ಅಪರಿಚಿತರ ಮುಂದೆ ಅದು ಸುಲಭವಾದದ್ದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಬೇರೆ ಸಂಸ್ಕೃತಿಯಿಂದ ಬಂದವರನ್ನು ಹೇಗೆ ಕೇಳಿ ತಿಳಿಯಬೇಕು ಎಂಬುದಕ್ಕೆ ವೈದ್ಯರಲ್ಲೇ ಒಂದು ಕ್ರಮವಿದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ ರೋಗನಿರ್ಣಯದ ಕೈಪಿಡಿ, ಡಿಎಸ್ಎಂ-5ರಲ್ಲಿ, ಇದಕ್ಕೆಂದೇ ಹದಿನಾರು ಪ್ರಶ್ನೆಗಳಿವೆ. ಈ ತೊಂದರೆಯನ್ನು ನಿಮ್ಮ ಮನೆಯವರಿಗೆ ಹೇಗೆ ವಿವರಿಸುತ್ತೀರಿ, ಇದಕ್ಕೆ ಕಾರಣ ಏನೆಂದು ನಿಮಗೆ ಅನ್ನಿಸುತ್ತದೆ, ಈವರೆಗೆ ಏನೇನು ಮಾಡಿ ನೋಡಿದಿರಿ ಎಂಬಂಥವು. ಡಾಕ್ಟರು ಕೇಳದಿದ್ದರೆ ನೀವೇ ಹೇಳಿ: ಎದೆ ಭಾರ, ಮೈ ಉರಿ, ತಲೆಯಲ್ಲಿ ಏನೋ ಹರಿದಾಡಿದಂತೆ, ಮಂತ್ರಾಲಯಕ್ಕೆ ಹೋಗಿ ಬಂದದ್ದು, ತೀರಿಕೊಂಡ ಅಪ್ಪ ಕರೆದಂತೆ ಕೇಳಿಸಿದ್ದು. ಆ ಕೊನೆಯದು ದುಃಖದಲ್ಲಿರುವವರಿಗೆ ಸಹಜವಾಗಿಯೂ ಆಗಬಹುದು ಎಂಬುದು ಒಳ್ಳೆಯ ಮನೋವೈದ್ಯರಿಗೆ ಗೊತ್ತಿರುತ್ತದೆ. ಗೊತ್ತಿಲ್ಲದ, ಅತ್ತೆ-ಮಾವನ ಜೊತೆ ಇರುವುದನ್ನೇ ರೋಗವೆಂದು ಬರೆದುಕೊಳ್ಳುವ ಡಾಕ್ಟರೂ ಇದ್ದಾರೆ. ಅವರನ್ನು ಬಿಟ್ಟು ಇನ್ನೊಬ್ಬರನ್ನು ನೋಡಿ. ಒಬ್ಬರು ಹೊಂದಲಿಲ್ಲವೆಂದು ಚಿಕಿತ್ಸೆಯನ್ನೇ ಬಿಡಬೇಡಿ.

ನೀವು ಎಲ್ಲಿಂದ ಬಂದವರು ಎಂಬುದು ನಿಜಕ್ಕೂ ಲೆಕ್ಕಕ್ಕೆ ಬರುವ ಒಂದು ಕಡೆ ಔಷಧದ ಆಯ್ಕೆ. ಕಾರ್ಬಮಜೆಪಿನ್ ಎಂಬ ಔಷಧ ಏಷ್ಯಾ ಮೂಲದ ಕೆಲವರಲ್ಲಿ, ಒಂದು ನಿರ್ದಿಷ್ಟ ವಂಶವಾಹಿ ಇದ್ದರೆ, ಪ್ರಾಣಕ್ಕೇ ಎರವಾಗುವಂತೆ ಚರ್ಮವನ್ನು ಸುಲಿಸಬಹುದು. ಅದನ್ನು ಶುರು ಮಾಡುವ ಮುನ್ನ ಏಷ್ಯಾ ಮೂಲದವರ ರಕ್ತಪರೀಕ್ಷೆ ಆಗಬೇಕು ಎಂದು ಅಮೆರಿಕದ ಔಷಧ ಇಲಾಖೆ 2007ರಲ್ಲೇ ಎಚ್ಚರಿಸಿದೆ. ಒಲಾಂಜಪಿನ್‌ನಂಥವು ತೂಕ, ಸಕ್ಕರೆ ಎರಡನ್ನೂ ಏರಿಸುತ್ತವೆ; ಮನೆತನದಲ್ಲಿ ಸಕ್ಕರೆ ಕಾಯಿಲೆ ಇದ್ದರೆ ಮೊದಲ ಭೇಟಿಯಲ್ಲೇ ಹೇಳಿಬಿಡಿ.

ಉಳಿದ ಭಯಗಳಿಗೆ ಹೆಚ್ಚು ಮಾತು ಬೇಡ. ಖಿನ್ನತೆಗೆ, ಆತಂಕಕ್ಕೆ ಮಾತ್ರೆ ತೆಗೆದುಕೊಂಡ ಮಾತ್ರಕ್ಕೆ ಅಮೆರಿಕದ ವೀಸಾ ಹೋಗುವುದಿಲ್ಲ; ಗ್ರೀನ್ ಕಾರ್ಡಿನ ವೈದ್ಯಕೀಯ ತಪಾಸಣೆಯಲ್ಲಿ ನೋಡುವುದು ಕಾಯಿಲೆಯ ಜೊತೆ ತನಗೋ ಇತರರಿಗೋ ಅಪಾಯ ಮಾಡುವ ನಡವಳಿಕೆ ಇದೆಯೇ ಎಂಬುದನ್ನು. ಡಾಕ್ಟರು ನಿಮ್ಮ ಮ್ಯಾನೇಜರ್‌ಗೆ ಫೋನ್ ಮಾಡಿ ಹೇಳುವಂತಿಲ್ಲ, ಅದಕ್ಕೆ 1996ರ ಕಾನೂನು ಇದೆ. ಥೆರಪಿಸ್ಟ್ ಮತ್ತು ಮನೋವೈದ್ಯರು ಒಂದೇ ಅಲ್ಲ. ಅಲ್ಲಿನ ಹೆಚ್ಚಿನ ಥೆರಪಿಸ್ಟರು ಮಾತ್ರೆ ಬರೆಯುವಂತಿಲ್ಲ. ಮನೋವೈದ್ಯರ ಅಪಾಯಿಂಟ್‌ಮೆಂಟ್ ತಿಂಗಳುಗಟ್ಟಲೆ ಸಿಗದಿದ್ದರೆ ಫ್ಯಾಮಿಲಿ ಡಾಕ್ಟರೇ ಖಿನ್ನತೆಯ ಮಾತ್ರೆ ಶುರು ಮಾಡಬಲ್ಲರು. ಬ್ರಿಟನ್ನಿನಲ್ಲೂ ದಾರಿ ಸಾಮಾನ್ಯವಾಗಿ ಜಿಪಿ ಎಂಬ ಫ್ಯಾಮಿಲಿ ಡಾಕ್ಟರಿಂದಲೇ. ಇಂಗ್ಲೆಂಡಿನಲ್ಲಿ ಮಾತಿನ ಚಿಕಿತ್ಸೆಗೆ ನೀವೇ ನೇರವಾಗಿ ಹೆಸರು ಬರೆಸಬಹುದು. ಇಂಗ್ಲಿಷ್ ಬಾರದ ತಾಯಿಗೆ ಅಮೆರಿಕದ ಆಸ್ಪತ್ರೆಯಲ್ಲಿ ದುಭಾಷಿಯನ್ನು ಪುಕ್ಕಟೆಯಾಗಿ ಕೇಳಿ ಪಡೆಯಬಹುದು. ಸಾಯಬೇಕೆನ್ನಿಸುತ್ತದೆ ಎಂಬ ತಾಯಿಯ ಮಾತನ್ನು ಮಗನ ಬಾಯಲ್ಲಿ ಅನುವಾದ ಮಾಡಿಸುವುದು ಇಬ್ಬರಿಗೂ ಹಿಂಸೆ. ಸಂಕಟ ತಡೆಯಲಾಗದ ರಾತ್ರಿಗೆ ಅಮೆರಿಕದಲ್ಲಿ 988 ಸಹಾಯವಾಣಿ ಇದೆ, 2022ರ ಜುಲೈಯಿಂದ.

ಇಷ್ಟೆಲ್ಲ ಗೊತ್ತುಮಾಡಿಕೊಳ್ಳುವುದು ಕಷ್ಟವೇನಲ್ಲ. ಇನ್ಶೂರೆನ್ಸಿನ ಒಂದೊಂದು ಷರತ್ತನ್ನೂ ಓದಿ ತಿಳಿಯುವ ಜನ, ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೋ ‘ಅಲ್ಲಿ ಮಾತ್ರೆ ಕೊಟ್ಟು ಮಂಕು ಮಾಡ್ತಾರೆ, ಅಶ್ವಗಂಧ ಸಾಕು’ ಎಂದರೆ ಮರುಪ್ರಶ್ನೆ ಇಲ್ಲದೆ ಒಪ್ಪುತ್ತಾರೆ. ಸಂಸ್ಕೃತಿಯ ಅಭಿಮಾನದ ಮಾತಾಗಿ ಬಂದರೆ ಯಾವ ಸುಳ್ಳನ್ನೂ ನಾವು ತಡೆದು ಕೇಳುವುದಿಲ್ಲ. ಸಲಹೆ ಕೊಟ್ಟವರು ಮರುದಿನ ಬೇರೆ ಸಂದೇಶ ಫಾರ್ವರ್ಡ್ ಮಾಡುತ್ತಿರುತ್ತಾರೆ. ಮಾತ್ರೆ ನಿಲ್ಲಿಸಿದ ಹುಡುಗಿಯ ಗತಿ ಅವರು ವಿಚಾರಿಸುವುದಿಲ್ಲ.

ಊರಿನಲ್ಲಿ ಈಗಾಗಲೇ ಚಿಕಿತ್ಸೆಯಲ್ಲಿದ್ದು ಹೊರಡುತ್ತಿರುವವರು ನಿಮ್ಹಾನ್ಸ್ ಆಗಲಿ, ಖಾಸಗಿ ಕ್ಲಿನಿಕ್ ಆಗಲಿ, ತಮ್ಮ ವೈದ್ಯರಿಂದ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆಸಿಕೊಳ್ಳಿ: ಕಾಯಿಲೆ ಏನು, ಯಾವಾಗಿನಿಂದ, ಹಿಂದೆ ಯಾವ ಔಷಧ ಒಗ್ಗಲಿಲ್ಲ, ಈಗ ಎಷ್ಟು ಮಿಲಿಗ್ರಾಂ. ಮಾತ್ರೆಗೆ ಕಂಪನಿಯ ಹೆಸರಷ್ಟೇ ಇದ್ದರೆ ಅಲ್ಲಿನ ಡಾಕ್ಟರಿಗೆ ತಿಳಿಯುವುದಿಲ್ಲ, ಔಷಧದ ಮೂಲ ಹೆಸರನ್ನೇ ಬರೆಸಿ. ಅಲ್ಲಿನ ಡಾಕ್ಟರಲ್ಲಿ ಸಮಯ ಗೊತ್ತುಮಾಡಿಕೊಳ್ಳುವ ಕೆಲಸ ಟಿಕೆಟ್ ಬುಕ್ ಮಾಡಿದ ವಾರವೇ ಶುರುವಾಗಲಿ.