ಮಾಗಿಯಲ್ಲಿ ಹೊದಿಸಿ, ಉಸಿರು ಕಟ್ಟಿಸಬೇಡಿ

ನಮ್ಮೂರ ಹುಡುಗನೊಬ್ಬ ಮಿಲಿಟರಿಯಲ್ಲಿದ್ದಾನೆ. ಕಾಶ್ಮೀರದಲ್ಲಿ ಎರಡು ಚಳಿಗಾಲ ಕಳೆದು ರಜೆ ಮೇಲೆ ಊರಿಗೆ ಬಂದಿದ್ದ. ಸಂಕ್ರಾಂತಿಗೆ ಇನ್ನೂ ವಾರವಿತ್ತು. ನಾವು ನಾಲ್ಕೈದು ಜನ ಕಣದಲ್ಲಿ ಕಂಬಳಿ ಹೊದ್ದು ಬೆಂಕಿ ಕಾಯಿಸುತ್ತ ಕೂತಿದ್ದೆವು. ಇವನು ಬರೀ ಅಂಗಿಯಲ್ಲಿ ಬಂದವನೇ ನಕ್ಕುಬಿಟ್ಟ.

“ಇದೂ ಒಂದು ಚಳಿಯಾ ದೊಡ್ಡಪ್ಪ? ಅಲ್ಲಿ ಡಿಸೆಂಬರ್ 21ರಿಂದ 40 ದಿನಕ್ಕೆ ‘ಚಿಲ್ಲೈ ಕಲಾನ್’ ಅಂತ ಹೆಸರೇ ಇಟ್ಟಿದಾರೆ. ನಲ್ಲೀಲಿ ನೀರು ಕಲ್ಲಾಗ್ತದೆ. ಹಳ್ಳಿಯೋರು ಬೇಸಿಗೇಲೇ ಸೋರೆ, ಬದನೆ, ಟೊಮೆಟೊ ಹೆಚ್ಚಿ ಒಣಗಿಸಿಟ್ಕೊಂಡು ಚಳಿಗಾಲ ಕಳೀತಾರೆ.”

“ಹೊಲದ ಮೇಲೆ ಹಿಮ ಬಿದ್ರೆ ಪೈರು ಸಾಯಲ್ವೇನೋ?” ಅಂತ ಕೇಳಿದೆ.

“ಸಾಯಲ್ಲ. ಹಿಮ ಬೀಳದ ವರ್ಷವೇ ಅವರಿಗೆ ಚಿಂತೆ” ಅಂದ.

ಈ ಮಾತು ತಲೆಯಲ್ಲಿ ಉಳಿಯಿತು. ಆಮೇಲೆ ತಿಳಿದವರನ್ನು ಕೇಳಿದೆ. ಹೊಸದಾಗಿ ಬಿದ್ದ ಹಿಮದಲ್ಲಿ ಹೆಚ್ಚಿನ ಪಾಲು ಗಾಳಿಯೇ ಇರುತ್ತದಂತೆ. ಅಲುಗಾಡದೆ ನಿಂತ ಗಾಳಿ ಬಿಸಿಯನ್ನು ದಾಟಲು ಬಿಡುವುದಿಲ್ಲ. ಮೇಲೆ ಎಷ್ಟೇ ಕೊರೆಯಲಿ, ಹಿಮದ ಅಡಿಯಲ್ಲಿ ಗೋಧಿ ಪೈರು ಬೆಚ್ಚಗೆ ಮಲಗಿರುತ್ತದೆ. ಹಿಮ ಕರಗಿದಾಗ ಅದೇ ನೀರು. ಸೇಬಿನ ಮರಕ್ಕಂತೂ ಸಾಕಷ್ಟು ಚಳಿ ಸಿಗದಿದ್ದರೆ ಹೂವೇ ಸರಿಯಾಗಿ ಬಿಡುವುದಿಲ್ಲ. ಅಂದರೆ ಹಿಮವೂ ಒಂದು ಕಂಬಳಿ. ನಮ್ಮ ಕುರಿ ಉಣ್ಣೆಯ ಕಂಬಳಿ ಬೆಚ್ಚಗಿಡುವುದೂ ಹೀಗೇ. ಉಣ್ಣೆಯ ಎಳೆಗಳ ನಡುವೆ ನಿಂತ ಗಾಳಿಯೇ ಅದರ ಗುಟ್ಟು.

ಇದು ಗೊತ್ತಾದ ಮೇಲೆ ಮಾಗಿಯಲ್ಲಿ ನಾನು ಮಾಡಿದ ಎರಡು ತಪ್ಪುಗಳು ಅರ್ಥವಾದವು. ಒಂದರಲ್ಲಿ ಜೋಳ ಹೋಯಿತು. ಇನ್ನೊಂದರಲ್ಲಿ ಮಗಳೇ ಹೋಗುತ್ತಿದ್ದಳು. ಬೇರೆಯವರಿಗೆ ಹಾಗಾಗದಿರಲಿ ಅಂತ ಬರೆಯುತ್ತಿದ್ದೇನೆ.

ನಮ್ಮ ಚಳಿ ಎಂಥದ್ದು?

ನನ್ನದು ಭದ್ರಾವತಿ ತಾಲ್ಲೂಕಿನ ಖುಷ್ಕಿ ಜಮೀನು. ನಾಲೆ ನೀರು ನಮ್ಮ ದಿಣ್ಣೆಗೆ ಹತ್ತುವುದಿಲ್ಲ. ಮೆಕ್ಕೆಜೋಳ, ರಾಗಿ, ಅಕ್ಕಡಿಯಲ್ಲಿ ಅವರೆ, ತೊಗರಿ, ಕೊನೆಗೆ ಒಂದಿಷ್ಟು ಹುರುಳಿ. ನಮ್ಮ ಕಡೆ ಹಿಮ ಬೀಳುವುದಿಲ್ಲ. ಮಾಗಿಯಲ್ಲಿ ಹಗಲು 30 ಡಿಗ್ರಿ ಹತ್ತಿರ ಬಿಸಿಲಿದ್ದರೆ ಬೆಳಗಿನ ಜಾವಕ್ಕೆ 12-15 ಡಿಗ್ರಿಗೆ ಇಳಿಯುತ್ತದೆ. ಒಂದೇ ದಿನದಲ್ಲಿ ಇಷ್ಟೊಂದು ಏರಿಳಿತ! ನಮ್ಮ ಮಾಗಿಯ ಕಷ್ಟಸುಖವೆಲ್ಲ ಇದರಲ್ಲೇ ಇದೆ.

ಮಳೆಗಾಲದಲ್ಲಿ ಮೋಡ ಭೂಮಿಗೆ ಹೊದಿಕೆ ಇದ್ದಂತೆ. ಮಾಗಿಯಲ್ಲಿ ಆಕಾಶ ಬಯಲು. ಹಗಲು ಕಾದ ನೆಲ ರಾತ್ರಿ ತನ್ನ ಬಿಸಿಯನ್ನೆಲ್ಲ ಮೇಲಕ್ಕೆ ಬಿಟ್ಟುಕೊಡುತ್ತದೆ. ನೆಲ, ಹುಲ್ಲು, ತಗಡು, ಟಾರ್ಪಾಲು ಎಲ್ಲ ತಣ್ಣಗಾದಾಗ ಗಾಳಿಯಲ್ಲಿರುವ ಪಸೆ ಅದರ ಮೇಲೆ ನೀರಾಗಿ ಕೂರುತ್ತದೆ. ಇಬ್ಬನಿ ‘ಬಿತ್ತು’ ಅಂತೀವಲ್ಲ, ಅದು ಮೇಲಿಂದ ಬೀಳುವುದಲ್ಲ, ಇಲ್ಲೇ ಕಟ್ಟುವುದು. ಬೇಕಾದರೆ ಬೆಳಿಗ್ಗೆ ಹುಣಸೆ ಮರದ ಅಡಿ ನೋಡಿ. ಬಯಲಲ್ಲಿ ಕಾಲು ತೊಯ್ದರೂ ಮರದಡಿ ಒಣಗಿರುತ್ತದೆ. ಮರ ಹೊದಿಕೆಯ ಕೆಲಸ ಮಾಡಿರುತ್ತದೆ.

ತಣ್ಣನೆ ಗಾಳಿ ತೂಕದ್ದು, ನೀರಿನಂತೆ ತಗ್ಗಿಗೆ ಹರಿಯುತ್ತದೆ. ಭದ್ರಾ ಹೊಳೆ ದಂಡೆ, ನಾಲೆ ಬದಿಯ ಗದ್ದೆ ಬಯಲಲ್ಲಿ ಮಂಜು ಎಂಟೂವರೆ ಒಂಬತ್ತರವರೆಗೂ ಸರಿಯುವುದಿಲ್ಲ. ದಿಣ್ಣೆಯಲ್ಲಿ ಬೇಗ ಬಿಸಿಲು ಬೀಳುತ್ತದೆ. ಹಿರಿಯರು ಕಣವನ್ನು ಎತ್ತರದಲ್ಲಿ ಮಾಡುತ್ತಿದ್ದುದು ಗಾಳಿಗೆ ತೂರಲಿಕ್ಕೆ ಮಾತ್ರ ಅಲ್ಲ, ಇದಕ್ಕೂ ಹೌದು.

ಮೊದಲ ತಪ್ಪು: ಟಾರ್ಪಾಲು ಬಿಗಿದದ್ದು

ಕೆಲವು ವರ್ಷದ ಹಿಂದೆ ನಲವತ್ತು ಕ್ವಿಂಟಾಲಿನಷ್ಟು ಮೆಕ್ಕೆಜೋಳ ಮಿಷನ್ನಿಗೆ ಹಾಕಿಸಿ ಕಣದಲ್ಲಿ ಒಣಗಿಸುತ್ತಿದ್ದೆ. ಇಬ್ಬನಿಗೆ ಹೆದರಿ ಸಂಜೆ ಬಿಸಿ ಕಾಳನ್ನೇ ರಾಶಿ ಮಾಡಿ, ಹೊಸ ಟಾರ್ಪಾಲು ಹೊದಿಸಿ, ಗಾಳಿ ಆಡದಂತೆ ಸುತ್ತ ಕಲ್ಲು ಹೇರಿ ಮಲಗಿದೆ. ಮಾರನೇ ದಿನ ಮದುವೆ ಮನೆ, ಅದರ ಮಾರನೇ ದಿನ ಮೋಡ. ಮೂರು ದಿನ ಬಿಚ್ಚಲಿಲ್ಲ. ನಾಲ್ಕನೇ ದಿನ ಬಿಚ್ಚಿದರೆ ಒಳಗೆ ಕೈ ಇಡಲಾರದಷ್ಟು ಬಿಸಿ, ಮೇಲಿನ ಕಾಳು ಮೊಳಕೆ, ನಡುವೆ ಹಸಿರು ಬೂಷ್ಟು! ಏಳು ಕ್ವಿಂಟಾಲು ತಿಪ್ಪೆಗೆ ಹೋಯಿತು. ಉಳಿದದ್ದಕ್ಕೆ ವ್ಯಾಪಾರಿ ಮೂಸಿ ನೋಡಿ ರೇಟು ಮುರಿದ. ಅವನನ್ನು ಬೈದು ಪ್ರಯೋಜನವಿಲ್ಲ, ತಪ್ಪು ನನ್ನದೇ.

ಆಗಿದ್ದು ಇಷ್ಟೆ. ಕಾಳಿಗೂ ಜೀವ ಇದೆ, ಅದು ಉಸಿರಾಡುತ್ತದೆ. ಹಸಿ ಇದ್ದಷ್ಟೂ ಉಸಿರಾಟ ಜಾಸ್ತಿ, ಬಿಸಿ ಜಾಸ್ತಿ. ಆ ಹಬೆ ಮೇಲೇರಿ ತಣ್ಣನೆ ಟಾರ್ಪಾಲಿಗೆ ತಾಗಿ ಹನಿಯಾಗಿ ವಾಪಸು ಕಾಳಿನ ಮೇಲೇ ಬೀಳುತ್ತದೆ. ಬಿಸಿ ಅನ್ನದ ಪಾತ್ರೆ ಮುಚ್ಚಳ ತೆಗೆದರೆ ಒಳಗೆ ನೀರು ಇರುತ್ತದಲ್ಲ, ಹಾಗೆ. ಹೊರಗಿನ ಇಬ್ಬನಿ ತಡೆಯಲು ಹೋಗಿ ಒಳಗೇ ಇಬ್ಬನಿ ಮಾಡಿಕೊಂಡಿದ್ದೆ.

ಈಗ ನಾನು ಮಾಡುವುದು:

1. ಸಂಜೆ ನಾಲ್ಕು ನಾಲ್ಕೂವರೆಗೇ ಕಾಳು ಬಳಿಯುತ್ತೇನೆ. ಇಬ್ಬನಿ ಶುರುವಾದ ಮೇಲೆ ಬಳಿದರೆ ಒಣಗಿದ್ದೂ ದಂಡ. ಆದರೆ ಬಳಿದ ಕೂಡಲೇ ಮುಚ್ಚುವುದಿಲ್ಲ, ಕತ್ತಲಾಗುವವರೆಗೆ ಬಿಸಿ ಆರಲು ಬಿಡುತ್ತೇನೆ.

2. ನೆಲದಿಂದಲೂ ಪಸೆ ಏರುತ್ತದೆ. ರಾಶಿಯ ಅಡಿಗೆ ಒಂದು ಹಳೇ ಟಾರ್ಪಾಲು ಇರಲೇಬೇಕು.

3. ಕಾಳಿನ ಮೇಲೆ ಮೊದಲು ಗೋಣಿಚೀಲ ಹಾಸುತ್ತೇನೆ. ಹನಿ ಬಿದ್ದರೆ ಅದು ಹೀರುತ್ತದೆ. ಅದರ ಮೇಲೆ ಎರಡು ಬಿದಿರ ಗಳ ನಿಲ್ಲಿಸಿ ಟಾರ್ಪಾಲನ್ನು ಗುಡಾರದಂತೆ ಎತ್ತಿ ಕಟ್ಟುತ್ತೇನೆ. ಎರಡು ತುದಿ ಬಿಟ್ಟಿರುತ್ತೇನೆ, ಗಾಳಿ ಹೋಗಿ ಬರಬೇಕು.

4. ಬೆಳಿಗ್ಗೆ ನೆಲದ ಇಬ್ಬನಿ ಆರಿದ ಮೇಲೆ, ಒಂಬತ್ತರ ಸುಮಾರಿಗೆ, ಹರಡುತ್ತೇನೆ. ಟಾರ್ಪಾಲಿನ ಒಳಮೈಯನ್ನು ಬಿಸಿಲಿಗೆ ಹಾಕುತ್ತೇನೆ.

ಒಣಗಿದೆಯಾ ಇಲ್ಲವಾ ಅಂತ ತಿಳಿಯಲು ಮೀಟರ್ ಬೇಕಿಲ್ಲ. ಪೂರ್ತಿ ಒಣಗಿದ ಒಂದು ಗಾಜಿನ ಬಾಟಲಿಗೆ ಮೂರನೇ ಒಂದು ಪಾಲು ಕಾಳು ಹಾಕಿ. ಬಾಣಲೆಯಲ್ಲಿ ಹುರಿದು ಆರಿಸಿದ ಪುಡಿ ಉಪ್ಪು ಎರಡು ಚಮಚ ಹಾಕಿ ಮುಚ್ಚಿ, ಚೆನ್ನಾಗಿ ಕುಲುಕಿ, ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಮೆತ್ತಿಕೊಂಡರೆ ಕಾಳಿನಲ್ಲಿ ತೇವ ನೂರಕ್ಕೆ 15ಕ್ಕಿಂತ ಜಾಸ್ತಿ ಇದೆ ಅಂತ ಲೆಕ್ಕ. ಮೆತ್ತದೆ ಉದುರಿದರೆ ಅದಕ್ಕಿಂತ ಕಡಿಮೆ. ಮಾರಲು 14ಕ್ಕೆ ಬರಬೇಕು, ಹಾಗಾಗಿ ಉಪ್ಪು ಉದುರಿದ ಮೇಲೂ ಒಂದು ಬಿಸಿಲು ಕೊಡಿ.

ಬೂಷ್ಟು ಹಿಡಿದ ಜೋಳವನ್ನು ‘ದನಕ್ಕಾದರೂ ಆಗಲಿ’ ಅಂತ ಇಡಬೇಡಿ. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಬೇಯಿಸಿದರೂ ಅದು ಹೋಗುವುದಿಲ್ಲ. ಕೋಳಿ ಸಾಯುತ್ತದೆ, ಹಸು ತಿಂದರೆ ಹಾಲಿಗೂ ಬರುತ್ತದೆ.

ಇಬ್ಬನಿಯಿಂದ ಕೆಲಸ ತೆಗೆಯುವುದು

ಇಬ್ಬನಿ ಬರೀ ಶತ್ರು ಅಲ್ಲ. ಹುರುಳಿ, ಅವರೆ, ತೊಗರಿ ಒಣಗಿ ನಿಂತಾಗ ಮಧ್ಯಾಹ್ನ ಕೈ ಹಾಕಿದರೆ ಕಾಯಿ ಸಿಡಿದು ಕಾಳು ಹೊಲದ ಪಾಲು. ನಮ್ಮ ಮನೆಯವಳು ಆರು ಗಂಟೆಗೇ ಎಬ್ಬಿಸುತ್ತಾಳೆ. “ಏಳ್ರೀ, ಇಬ್ಬನಿ ಆರೋ ಮುಂಚೆ ಹುರುಳಿ ಕಿತ್ತು ಬಿಡಾನ.” ಕೈ ಮರಗಟ್ಟುತ್ತದೆ ನಿಜ, ಆದರೆ ಮೆತ್ತಗಾದ ಕಾಯಿ ಒಂದೂ ಸಿಡಿಯದು. ಕಿತ್ತದ್ದನ್ನು ಕಣಕ್ಕೆ ತಂದು ಮಧ್ಯಾಹ್ನ ಎರಡರ ಬಿಸಿಲಿಗೆ ಬಡಿದರೆ ಅರ್ಧ ಶ್ರಮದಲ್ಲಿ ಕಾಳು ಬಿಡುತ್ತದೆ. ರಾಗಿ ಒಕ್ಕಣೆಯೂ ಮಧ್ಯಾಹ್ನದ್ದೇ. ಕೀಳುವುದು ಇಬ್ಬನಿಯಲ್ಲಿ, ಒಕ್ಕುವುದು ಬಿಸಿಲಲ್ಲಿ. ಇಷ್ಟು ನೆನಪಿಟ್ಟರೆ ಸಾಕು.

ನಾಟಿ ಅವರೆ ಯಾವಾಗ ಬಿತ್ತಿದರೂ ಹಗಲು ಕಿರಿದಾದ ಮೇಲೇ ಹೂ ಬಿಡುತ್ತದೆ. ಅದಕ್ಕೇ ಅದು ಮಾಗಿಯ ಬೆಳೆ. ಇಬ್ಬನಿ ಬಿದ್ದ ಅವರೆಗೇ ಸೊಗಡು ಅಂತಾರೆ. ಹಿತಕಿದ ಬೇಳೆ ಸಾರು, ಬಿಸಿ ಮುದ್ದೆ ಇದ್ದರೆ ನಮಗೆ ಅದೇ ಕಾಶ್ಮೀರ!

ಕೊಟ್ಟಿಗೆ

ಚಳಿ ಅಂತ ಕೊಟ್ಟಿಗೆಯನ್ನು ನಾಲ್ಕೂ ಕಡೆ ಪ್ಲಾಸ್ಟಿಕ್ಕಿನಲ್ಲಿ ಮುಚ್ಚುವವರಿದ್ದಾರೆ. ಗಂಜಲದ ಘಾಟು ಒಳಗೇ ನಿಂತು ಕರುಗಳಿಗೆ ಕೆಮ್ಮು, ಉಬ್ಬಸ ಬರುತ್ತದೆ. ಚಳಿಗಾಳಿ ನಮ್ಮಲ್ಲಿ ಬೀಸುವುದು ಮೂಡಲ-ಬಡಗಲ ಕಡೆಯಿಂದ. ಆ ಒಂದು ಮಗ್ಗುಲಿಗೆ, ದನ ನಿಂತ ಎತ್ತರಕ್ಕೆ, ತೆಂಗಿನ ಗರಿ ತಡಿಕೆ ಕಟ್ಟಿದರೆ ಸಾಕು. ಸೂರಿನ ಕೆಳಗೆ ಒಂದು ಮೊಳ ತೆರೆದಿರಲಿ. ನೆಲಕ್ಕೆ ಒಣ ಹುಲ್ಲು ಹಾಸಿ, ಎಳೇ ಕರುವಿನ ಬೆನ್ನಿಗೆ ಗೋಣಿ ಕಟ್ಟಿ.

ಮಲಗುವ ಮುಂಚೆ ದನಕ್ಕೆ ಒಂದು ಹೊರೆ ಒಣಹುಲ್ಲು ಹಾಕುವುದು ನಮ್ಮಪ್ಪನ ರೂಢಿ. ಒರಟು ಮೇವು ಹೊಟ್ಟೆಯಲ್ಲಿ ಅರಗುವಾಗ ಬಿಸಿ ಹುಟ್ಟುತ್ತದೆ. ಹಸುವಿಗೆ ಅದೇ ಒಳಗಿನ ಒಲೆ.

ಎರಡನೇ ತಪ್ಪು: ಕೆಂಡ ಒಳಗಿಟ್ಟದ್ದು

ಬರೆಯಲು ಕಷ್ಟವಾದರೂ ಬರೆಯುತ್ತೇನೆ. ಮಗಳು ಬಾಣಂತನಕ್ಕೆ ಬಂದಿದ್ದಳು. ಪುಷ್ಯದ ಚಳಿ, ಕೂಸಿಗೆ ಹದಿನೈದು ದಿನ. ನಾನೇ ಕಿಟಕಿ ಸಂದಿಗೆಲ್ಲ ಬಟ್ಟೆ ತುರುಕಿ, ಹೊಗೆ ಇಲ್ಲದ ಇದ್ದಿಲ ಕೆಂಡ ಒಂದು ಬೋಗುಣಿ ತುಂಬ ಕೋಣೆಯಲ್ಲಿಟ್ಟು ಬಾಗಿಲು ಹಾಕಿದೆ. ಹೊಗೆ ಇಲ್ಲವಲ್ಲ, ಏನೂ ಆಗದು ಅಂತ ನನ್ನ ಲೆಕ್ಕ. ನಡುರಾತ್ರಿ ಕೂಸು ಅಳಲಿಲ್ಲ. ಹಾಲಿಗೆ ಏಳುವ ಹೊತ್ತಾದರೂ ಸದ್ದಿಲ್ಲ ಅಂತ ನನ್ನ ಹೆಂಡತಿ ಬಾಗಿಲು ತೆಗೆದಳು. ಮಗಳು ಎಬ್ಬಿಸಿದರೆ ಏಳುತ್ತಿಲ್ಲ, “ತಲೆ ಸಿಡೀತದೆ ಅಪ್ಪಾ” ಅಂತ ತೊದಲಿ ವಾಂತಿ ಮಾಡಿದಳು. ತಾಯಿ ಮಗು ಇಬ್ಬರನ್ನೂ ಅಂಗಳಕ್ಕೆ ತಂದು, ಗಾಡಿ ಮಾಡಿ ಆಸ್ಪತ್ರೆಗೆ ಒಯ್ದೆವು. ಆಮ್ಲಜನಕ ಕೊಟ್ಟರು. ದೇವರ ದಯೆ, ಇಬ್ಬರೂ ಉಳಿದರು. “ಇನ್ನೊಂದು ಗಂಟೆ ಆಗಿದ್ದರೆ...” ಅಂತ ಡಾಕ್ಟರು ಮಾತು ನಿಲ್ಲಿಸಿದರು.

ಗಾಳಿ ಸಾಲದ ಕಡೆ ಕೆಂಡ ಉರಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆ ಇಲ್ಲ, ಕಣ್ಣುರಿ ಇಲ್ಲ. ಹೊಗೆಯಾದರೆ ಕೆಮ್ಮಿಸಿ ಎಬ್ಬಿಸುತ್ತದೆ, ಇದು ಮಲಗಿಸಿಯೇ ಕೊಲ್ಲುತ್ತದೆ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ತಾನು ಕೂತು ಬಿಡುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ತಡೆಯಲಾಗದ ನಿದ್ದೆ, ಇವೇ ಗುರುತು. ಒಂದೇ ಕೋಣೆಯಲ್ಲಿದ್ದ ಇಬ್ಬರು ಮೂವರಿಗೆ ಒಟ್ಟಿಗೇ ತಲೆನೋವು ಬಂದರೆ ಅನುಮಾನ ಪಡಿ. ಮೊದಲು ಬಯಲಿಗೆ ತನ್ನಿ, ಆಮೇಲೆ 108ಕ್ಕೆ ಫೋನ್ ಮಾಡಿ.

ಕಾಶ್ಮೀರದಲ್ಲಿ ಜನ ‘ಕಾಂಗ್ರಿ’ ಅಂತ ಕೆಂಡ ತುಂಬಿದ ಮಣ್ಣಿನ ಮಡಕೆಯನ್ನು ಬುಟ್ಟಿಯಲ್ಲಿಟ್ಟು, ‘ಫೆರನ್’ ಎಂಬ ದೊಗಲೆ ನಿಲುವಂಗಿಯೊಳಗೆ ಹಿಡಿದು ಓಡಾಡುತ್ತಾರಂತೆ. ಆ ಹುಡುಗ ಹೇಳಿದ. ಆದರೆ ಅಲ್ಲೂ ಇಲ್ಲೂ ಅನಿಲದ ಗುಣ ಒಂದೇ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಮಲಗುವುದು ಎಲ್ಲಿದ್ದರೂ ಅಪಾಯ.

ಈಗ ನಮ್ಮ ಮನೆಯಲ್ಲಿ ಕೆಂಡ ಅಂಗಳ ದಾಟುವುದಿಲ್ಲ. ಬಾಣಂತಿ ಕೋಣೆಗೆ ಬಚ್ಚಲ ಹಂಡೆಯ ಬಿಸಿನೀರನ್ನು ಬಾಟಲಿಗೆ ತುಂಬಿ, ಬಟ್ಟೆ ಸುತ್ತಿ, ಅವಳ ಕಾಲ ಹತ್ತಿರ ಇಡುತ್ತೇವೆ. ಕೂಸಿನ ಮೈಗೆ ಅದು ತಾಗಬಾರದು, ಸುಟ್ಟೀತು. ಕೂಸನ್ನು ತಾಯಿಯ ಎದೆಗೆ ಅಂಟಿಸಿ ಮೇಲೆ ಹೊದಿಸಿದರೆ ಅದಕ್ಕಿಂತ ಬೆಚ್ಚನೆ ಜಾಗ ಇಲ್ಲ. ಧೂಪ ಹಾಕಲೇಬೇಕು ಅಂತ ಅಜ್ಜಿಯರು ಹಟ ಮಾಡಿದರೆ ಬಾಗಿಲು ಕಿಟಕಿ ತೆಗೆದು ಐದು ನಿಮಿಷ ಹಾಕಿ, ಕೆಂಡ ಹೊರಗೆ ತಂದುಬಿಡಿ.

ಒಂದೇ ಮಾತು

ಮೂರಕ್ಕೂ ಸೇರಿ ಪಾಠ ಒಂದೇ. ಜೋಳದ ರಾಶಿ, ಕೊಟ್ಟಿಗೆ, ಮಲಗುವ ಕೋಣೆ, ಮೂರೂ ಉಸಿರಾಡುವ ಜಾಗಗಳು. ಚಳಿ ತಡೆಯುವುದು ಬೇರೆ, ಗಾಳಿ ಕಟ್ಟುವುದು ಬೇರೆ. ಚಳಿಗೆ ಕಂಬಳಿ ಹೊದಿಸಿ, ಹುಲ್ಲು ಹಾಸಿ, ತಡಿಕೆ ಕಟ್ಟಿ. ಉಸಿರು ಹೋಗಲು ಒಂದು ಮೊಳ ಜಾಗ ಬಿಡಿ.

ಶಿವರಾತ್ರಿ ಬಂದರೆ ಚಳಿ ಶಿವಶಿವಾ ಅಂತ ಹೋಗುತ್ತದೆ. ಅಷ್ಟರಲ್ಲಿ ನೆಲದಲ್ಲಿ ಪಸೆ ಇರುವಾಗಲೇ ಮಾಗಿ ಉಳುಮೆ ಮುಗಿಸಬೇಕು. ಮಣ್ಣಿನಡಿ ಕೂತ ಹುಳದ ಕೋಶಗಳು ಮೇಲೆ ಬಂದು ಹಕ್ಕಿಗೆ, ಬಿಸಿಲಿಗೆ ಹೋಗುತ್ತವೆ. ಅದನ್ನೂ ಬಿಡಬೇಡಿ.

ಕಣದ ರಾಶಿಯನ್ನು ಇಬ್ಬನಿಯಿಂದ ಕಾಯಲು ನಿಮ್ಮ ಕಡೆ ಇದಕ್ಕಿಂತ ಸುಲಭದ ಉಪಾಯ ಇದ್ದರೆ ಬರೆದು ತಿಳಿಸಿ. ಕೆಂಡದ ವಿಷಯವನ್ನು ಮಾತ್ರ ಇಂದೇ ನಿಮ್ಮ ಮನೆಯಲ್ಲಿ ಓದಿ ಹೇಳಿ.