ಒಂದೇ ತಂತಿ, ಹಲವು ಮಾತು

ಕಾರ್ಕಳದ ಬೆಟ್ಟದ ಮೇಲೆ ನಿಂತ ಗೊಮ್ಮಟನನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಸುಮಾರು 42 ಅಡಿ ಎತ್ತರದ ಆ ಏಕಶಿಲಾ ಮೂರ್ತಿಯ ಪ್ರತಿಷ್ಠೆ ನಡೆದುದು 1432ರಲ್ಲಿ. ಮೂರ್ತಿಯನ್ನು ಬೇರೆಡೆ ಕಡೆದು, ಬಂಡಿಯ ಮೇಲಿರಿಸಿ, ಬಹುಜನರು ಎಳೆದು ಬೆಟ್ಟಕ್ಕೇರಿಸಿದರೆಂದು ಪ್ರತೀತಿ. ಅದು ಸಾಗುವಾಗ ಆ ದಾರಿಯಲ್ಲಿ ಇನ್ನಾವ ಬಂಡಿಗೂ ಎಡೆಯಿದ್ದಿರಲಾರದು. ಮೂರ್ತಿಯನ್ನು ತುಂಡರಿಸಿ ಸಾಗಿಸುವಂತಿಲ್ಲ. ಆದರೆ ಸಂದೇಶವನ್ನು ತುಂಡರಿಸಬಹುದು, ತಲಪಿದ ಮೇಲೆ ಮತ್ತೆ ಜೋಡಿಸಲೂಬಹುದು. ಗಣಕಯಂತ್ರಗಳ ಜಾಲಕ್ಕೆ ಈ ಸರಳ ಸತ್ಯವೇ ಅಡಿಗಲ್ಲು.

ಮಣಿಪಾಲದಲ್ಲಿ ಒಂದು ಗಣಕಯಂತ್ರವಿದೆಯೆಂದೂ, ಉಡುಪಿ, ಕಾಪು, ಕಾರ್ಕಳಗಳ ಕಚೇರಿಗಳಲ್ಲಿ ಅದಕ್ಕೆ ಸೇರಿದ ಒಂದೊಂದು ಟರ್ಮಿನಲ್ ಇದೆಯೆಂದೂ ಭಾವಿಸೋಣ. ಟರ್ಮಿನಲ್ ಎಂದರೆ ಕೀಲಿಮಣೆ ಮತ್ತು ತೆರೆಯುಳ್ಳ ಸಾಧನ. ಕಾರ್ಕಳದ ಗುಮಾಸ್ತನು ನಾಲ್ಕಕ್ಷರ ಒತ್ತುತ್ತಾನೆ, ಕಡತ ತಿರುವುತ್ತಾನೆ, ಮತ್ತೆ ಒತ್ತುತ್ತಾನೆ. ಅವನಿಗಾಗಿಯೇ ಒಂದು ತಂತಿಯನ್ನು ಮೀಸಲಿಟ್ಟರೆ ಅದು ಬಹುಪಾಲು ಹೊತ್ತು ಬರಿದೇ ಇರುತ್ತದೆ. ಬಾಡಿಗೆ ಮಾತ್ರ ತಪ್ಪದು. ಸಣ್ಣ ಊರಿನ ಕಚೇರಿಗೆ ಈ ವೆಚ್ಚ ಹೊರಲಾರದ ಹೊರೆ.

ಇದಕ್ಕೆ ಪರಿಹಾರವೇನು? 1960ರ ದಶಕದಲ್ಲಿ ಅಮೆರಿಕೆಯ ಪಾಲ್ ಬರಾನ್ ಮತ್ತು ಇಂಗ್ಲೆಂಡಿನ ಡೊನಾಲ್ಡ್ ಡೇವಿಸ್ ಬೇರೆ ಬೇರೆಯಾಗಿ ಒಂದೇ ಉಪಾಯವನ್ನು ಕಂಡರು. ಸಂದೇಶವನ್ನು ಸಣ್ಣ ಪೊಟ್ಟಣಗಳಾಗಿ ಕಟ್ಟಿ, ಪ್ರತಿಯೊಂದಕ್ಕೂ ಗುರುತು ಹಚ್ಚಿ ಕಳುಹಿಸುವುದೇ ಆ ಉಪಾಯ. ಹಲವು ಊರುಗಳ ಪ್ರಯಾಣಿಕರು ಒಂದೇ ಬಸ್ಸಿನಲ್ಲಿ ಹೋಗುವಂತೆ ಹಲವು ಕಚೇರಿಗಳ ಪೊಟ್ಟಣಗಳು ಒಂದೇ ತಂತಿಯಲ್ಲಿ ಸಾಗುತ್ತವೆ.

ಆದರೆ ಹಾದಿಯನ್ನು ಹಂಚಿಕೊಳ್ಳಲು ನಿಯಮ ಬೇಕು. 1976ರಲ್ಲಿ ‘ಎಕ್ಸ್.25’ ಎಂಬ ಅಂತರರಾಷ್ಟ್ರೀಯ ನಿಯಮಾವಳಿ ರೂಪುಗೊಂಡಿತು. ಇದರಂತೆ ಮೊದಲು ದೂರವಾಣಿಯಂತೆ ಕರೆ ಮಾಡಬೇಕು. ಎದುರಿನ ಯಂತ್ರ ಒಪ್ಪಿದ ಮೇಲೆ ಪೊಟ್ಟಣಗಳು ಕ್ರಮ ತಪ್ಪದೆ ಹೋಗುತ್ತವೆ. ದಾರಿಯಲ್ಲಿ ಕೆಟ್ಟುದನ್ನು ಪರೀಕ್ಷಿಸಿ ಮತ್ತೆ ಕಳುಹಿಸಲಾಗುತ್ತದೆ. ಇಲ್ಲವಾದರೆ ಐನೂರು ರೂಪಾಯಿಯ ಲೆಕ್ಕ ಐದು ಸಾವಿರವಾದೀತು!

ಸರಳವಾದ ಟರ್ಮಿನಲ್ಲಿಗೆ ಪೊಟ್ಟಣ ಕಟ್ಟಲು ಬಾರದು. ಆ ಕೆಲಸವನ್ನು ನಡುವಣ ‘ಪ್ಯಾಡ್’ ಎಂಬ ಸಾಧನ ಮಾಡುತ್ತದೆ. ಅದಕ್ಕೆ ಕೆಲವು ಸಂಗತಿಗಳನ್ನು ಮೊದಲೇ ತಿಳಿಸಿಡಬೇಕು. ಪೊಟ್ಟಣವನ್ನು ಯಾವಾಗ ಕಳುಹಿಸಬೇಕು ಎಂಬುದು ಮೊದಲನೆಯದು. ಕಾರ್ಕಳ ಎಂಬ ಹೆಸರು ಇಂಗ್ಲಿಷ್ ಲಿಪಿಯಲ್ಲಿ 7 ಅಕ್ಷರ. ಪ್ರತಿ ಪೊಟ್ಟಣಕ್ಕೂ ಕನಿಷ್ಠ 3 ಅಕ್ಷರಗಳಷ್ಟು ತಲೆಬರಹ ಬೇಕು. ಒಂದೊಂದೇ ಅಕ್ಷರವನ್ನು ಕಳುಹಿಸಿದರೆ ಒಟ್ಟು 28 ಅಕ್ಷರಗಳ ಹೊರೆ. ಒಟ್ಟಿಗೆ ಕಟ್ಟಿದರೆ ಕೇವಲ 10. ಆದುದರಿಂದ ಸಾಲು ಮುಗಿಸುವ ಕೀಲಿಯನ್ನು ಒತ್ತಿದಾಗ ಅಥವಾ ಸ್ವಲ್ಪ ಹೊತ್ತು ಏನನ್ನೂ ಒತ್ತದಿದ್ದಾಗ ಪೊಟ್ಟಣ ಹೊರಡುವಂತೆ ಏರ್ಪಡಿಸುತ್ತಾರೆ.

ಒತ್ತಿದ ಅಕ್ಷರವನ್ನು ತೆರೆಯ ಮೇಲೆ ಮೂಡಿಸುವವರು ಯಾರು ಎಂಬುದು ಎರಡನೆಯದು. ಇದಕ್ಕೆ ‘ಪ್ರತಿಧ್ವನಿ’ ಎನ್ನಬಹುದು. ಪ್ಯಾಡ್ ಮತ್ತು ಗಣಕ ಎರಡೂ ಪ್ರತಿಧ್ವನಿಸಿದರೆ ‘ಕಾಪು’ ಎಂಬುದು ‘ಕಾಕಾಪುಪು’ ಎಂದು ಕಾಣುತ್ತದೆ. ಎರಡೂ ಸುಮ್ಮನಿದ್ದರೆ ತೆರೆ ಬರಿದಾಗಿರುತ್ತದೆ. ಗುಪ್ತಪದವನ್ನು ಬರೆಯುವಾಗ ಮಾತ್ರ ಹಾಗೆ ಬರಿದಾಗಿರುವುದೇ ಲೇಸು. ಹಿಂದೆ ನಿಂತವರಿಗೆ ಅದು ಕಾಣಬಾರದಷ್ಟೆ.

ನಮ್ಮ ದೇಶದಲ್ಲಿ 1980ರ ದಶಕದಲ್ಲಿ ‘ನಿಕ್‌ನೆಟ್’ ಜಾಲವು ಉಪಗ್ರಹದ ನೆರವಿನಿಂದ ಜಿಲ್ಲಾ ಕೇಂದ್ರಗಳನ್ನು ದೆಹಲಿಯೊಡನೆ ಜೋಡಿಸತೊಡಗಿತು. ಉಡುಪಿ ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. ಅಲ್ಲಿಯವರೆಗೆ ಈ ಊರುಗಳಿಗೆ ಮಂಗಳೂರೇ ಜಿಲ್ಲಾ ಕೇಂದ್ರವಾಗಿತ್ತು. 1990ರ ದಶಕದಲ್ಲಿ ದೂರಸಂಪರ್ಕ ಇಲಾಖೆಯ ‘ಐ-ನೆಟ್’ ಎಂಬ ಎಕ್ಸ್.25 ಜಾಲವೂ ಬಳಕೆಗೆ ಬಂದಿತು. ಇಂದು ಅವುಗಳ ಸ್ಥಾನವನ್ನು ಅಂತರಜಾಲ ಪಡೆದಿದೆ. ನಿಯಮಗಳು ಬದಲಾಗಿವೆ, ಪೊಟ್ಟಣ ಕಟ್ಟುವ ತತ್ತ್ವ ಬದಲಾಗಿಲ್ಲ. ಕಾಪುವಿನ ಕಡಲತಡಿಯಿಂದ ನೀವು ಕಳುಹಿಸುವ ಚಿತ್ರವೂ ಚೂರುಚೂರಾಗಿ, ಅಪರಿಚಿತರ ಸಂದೇಶಗಳೊಡನೆ ಹಾದಿಯನ್ನು ಹಂಚಿಕೊಂಡು ಹೋಗಿ, ತಲಪಿದಲ್ಲಿ ಮತ್ತೆ ಒಂದಾಗುತ್ತದೆ.